ನಾಲ್ಕರ ಪಾದ

ಬೆಳಕು ಸರಿಯಿಲ್ಲ, ರಸ್ತೆಯಲ್ಲಿ ಹೋದ ಯಾವುದೋ ಗಾಡಿಯ ಗಾಜು ಥಳಕ್ಕೆಂದು ಛಾವಣಿಯ ಮೇಲೊಂದು ಬಿಳಿ ಪಟ್ಟೆ ಎಳೆದು ಮಾಯವಾಯಿತು, ಪರದೆ ಎಳೆಯಬೇಕು, ಎಳೆಯುವುದಕ್ಕೆ ಏಳಬೇಕು, ಎದ್ದು ಬಂದು ಮತ್ತೆ ಕಣ್ಣಿಟ್ಟರೆ ಇದು ಇಲ್ಲದೇ ಹೋದರೂ ಹೋದೀತು — ಹೋಗಲಿ ಅನ್ನುವ ಆಸೆಯೇ ಅಲ್ಲವೇ ಇದು, ನಾಚಿಕೆಗೆಟ್ಟ ಆಸೆ, ಲೋಹದ ಮೇಲೆ ಮೂಡಿದ್ದು ಎಲ್ಲಿಗೆ ಹೋಗುತ್ತದೆ. ಅವಳು ಸೂಕ್ಷ್ಮದರ್ಶಕದಿಂದ ಮುಖ ತೆಗೆಯಲಿಲ್ಲ. ಹತ್ತು ನಿಮಿಷವಾಯಿತೋ ಅರ್ಧ ಗಂಟೆಯೋ, ಬಲಗಣ್ಣಿನ ಸುತ್ತ ರಬ್ಬರಿನ ಉಂಗುರ ಒತ್ತಿ ಒತ್ತಿ ನೋಯುತ್ತಿತ್ತು. ಕೆಳಗೆ ಒಂದು ಹಳೆಯ ನಾಣ್ಯ, ನಾಣ್ಯ ಪರೀಕ್ಷಿಸುವ ಈ ಕಚೇರಿಗೆ ಯಾವುದೋ ದೂರದ ಊರಿನ ಬಸ್ ಕಂಡಕ್ಟರ್ ಕಳಿಸಿದ್ದು, ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಕೆಳಗೆ ವರ್ಷದ ನಾಲ್ಕು ಅಂಕಿ, ಕೊನೆಯದು ನಾಲ್ಕು, ಆ ನಾಲ್ಕರ ಕಾಲ ಕೆಳಗೊಂದು ಪುಟ್ಟ ಅಡ್ಡಪಟ್ಟಿ, ನಿಂತುಕೊಳ್ಳುವುದಕ್ಕೆ ಪಾದವಿದ್ದ ಹಾಗೆ, ಮತ್ತು ಆ ಪಾದದ ತುದಿ ಪೆನ್ನಿನ ನಿಬ್ಬಿನಂತೆ ಸೀಳಿದೆ. ಸೀಳಿದೆ. ಎಷ್ಟು ಸಲ ನೋಡಿದರೂ ಸೀಳಿದೆ. ಬೆಳಿಗ್ಗೆ ಹೊಸ ಪರೀಕ್ಷಕಿ ತಟ್ಟೆಯಲ್ಲಿಟ್ಟು ಹೋದ ಚೀಟಿ ಇನ್ನೂ ಪಕ್ಕದಲ್ಲೇ ಬಿದ್ದಿದೆ, ಮೇಡಂ, ನನಗೆ ಇದು ಡಬಲ್ ಡೈ ಅನ್ಸುತ್ತೆ, ನೀವೂ ಒಂದ್ಸಲ ನೋಡಿ, ಕೊನೆಗೊಂದು ನಗುವ ಮುಖ. ಪಾಪ, ಅವಳಿಗೇನು ಗೊತ್ತು. ಇದನ್ನು ತಾನು ಮೊದಲೊಮ್ಮೆ ನೋಡಿದ್ದೇನೆ, ಇದೇ ಸೀಳು, ಇದೇ ಪಾದ, ಹತ್ತೊಂಬತ್ತು ವರ್ಷದ ಹಿಂದೆ, ಇದೇ ಕೋಣೆಯಲ್ಲಿ, ಕಿಟಕಿಯಿಂದ ಮೂರನೇ ಮೇಜಿನಲ್ಲಿ, ಆಗ ತಾನೂ ಹೊಸಬಳೇ.

ನೋಡಿರಲಿಲ್ಲ ಎಂದು ಇಷ್ಟು ದಿನ ಅಂದುಕೊಂಡದ್ದು. ಕಣ್ತಪ್ಪು ಎಂದು. ಕಣ್ತಪ್ಪು ಯಾರಿಗಿಲ್ಲ, ಕಚೇರಿ ನೋಡಲು ಬರುವ ಶಾಲೆಯ ಮಕ್ಕಳಿಗೆ ತಾನೇ ನೂರು ಸಲ ಹೇಳಿದ ಪಾಠ — ನೋಡಿ ಮಕ್ಕಳೇ, ನಾಣ್ಯ ಹೊಡೆಯುವುದಕ್ಕೆ ಒಂದು ಅಚ್ಚು ಬೇಕು, ಆ ಅಚ್ಚನ್ನು ಮಾಡುವುದಕ್ಕೆ ಒಂದು ತಾಯಚ್ಚು ಬೇಕು, ತಾಯಚ್ಚನ್ನು ಉಕ್ಕಿನ ಮೇಲೆ ಎರಡು ಸಲ ಒತ್ತುತ್ತಾರೆ, ಎರಡನೇ ಸಲ ಒತ್ತುವಾಗ ಕೂದಲೆಳೆಯಷ್ಟು ಜರುಗಿತು ಅನ್ನಿ, ಅಚ್ಚಿನಲ್ಲೇ ಎರಡೆರಡು ಮೂಡುತ್ತದೆ, ಆಮೇಲೆ ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಎರಡೆರಡು, ಅಷ್ಟಷ್ಟೇ, ಅಲ್ಲಲ್ಲೇ, ಅದು ಜೋಡಿ ಅಚ್ಚು, ಡಬಲ್ ಡೈ. ಅಚ್ಚು ಸರಿಯಿದ್ದು ಹೊಡೆಯುವ ಯಂತ್ರ ಸಡಿಲವಿತ್ತು ಅನ್ನಿ, ಹೊಡೆದ ಗಳಿಗೆಯಲ್ಲಿ ಅದುರಿ ಅಂಕಿಯ ಪಕ್ಕ ಸವರಿಕೊಂಡು ಹೋಗುತ್ತದೆ, ಅದೂ ಎರಡು ಕಂಡ ಹಾಗೆ ಕಾಣುತ್ತದೆ, ಅದು ಬರೀ ಯಂತ್ರದ ಅದುರು, ಅದನ್ನು ಯಾರೂ ಮೂಸಿ ನೋಡುವುದಿಲ್ಲ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಪೆಟ್ಟು ತಿಂದು ಬಂದದ್ದು. ಗುರುತು ಹಿಡಿಯೋದು ಹೇಗೆ ಮಿಸ್? ಅದುರಿದ್ದಾದರೆ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು, ನಾಣ್ಯ ತಿರುಗಿಸಿದರೆ ಒಂದು ಕಡೆಯಿಂದ ಪಳಪಳ ಹೊಳೆದು ಇನ್ನೊಂದು ಕಡೆಯಿಂದ ಕಾಣೆಯಾಗುತ್ತದೆ, ನಿಜವಾದ ಜೋಡಿಯಾದರೆ ದುಂಡಗೆ, ಮೂಲೆಯಲ್ಲಿ ಸೀಳು, ಯಾವ ಕಡೆಗೆ ತಿರುಗಿಸಿದರೂ ಅಲ್ಲೇ ಇರುತ್ತದೆ. ಹೀಗೆ ಗಿಳಿಪಾಠ ಒಪ್ಪಿಸಿ, ಮಕ್ಕಳ ಕೈಗೆ ಒಂದೊಂದು ಭೂತಗನ್ನಡಿ ಕೊಟ್ಟು, ಮೊನ್ನೆ ಮೊನ್ನೆ ತಾನೇ ಚಪ್ಪಾಳೆ ಹೊಡೆಸಿಕೊಂಡದ್ದು. ಅವಳು ಅಂಚು ಹಿಡಿದು ನಾಣ್ಯವನ್ನು ಕಾಲು ಸುತ್ತು ತಿರುಗಿಸಿದಳು. ಅಲ್ಲೇ ಇತ್ತು. ಅರ್ಧ ಸುತ್ತು. ಅಲ್ಲೇ ಇತ್ತು.

ತಿರುಗಿಸುವುದನ್ನು ಕಲಿಸಿದ್ದು ಮಾಮ. ಅಮ್ಮನ ತಮ್ಮ, ಗಡಿಯಾರ ರಿಪೇರಿಯವರು, ಬೇಸಿಗೆ ರಜೆಯೆಲ್ಲಾ ಅವರ ಅಂಗಡಿಯ ಗಾಜಿನ ಕಪಾಟಿನ ಹಿಂದೆಯೇ ಕಳೆದದ್ದು, ಎಣ್ಣೆಯ ವಾಸನೆ, ಹಿತ್ತಾಳೆಯ ವಾಸನೆ, ಗೋಡೆಯ ತುಂಬ ಒಂದೊಂದೂ ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು, ಯಾರಾದರೂ ಟೈಮ್ ಎಷ್ಟು ಅಂದರೆ ಮಾಮ ಬೀದಿಗೆ ಬಂದು ಎದುರಿನ ಕಟ್ಟಡದ ಗಡಿಯಾರ ನೋಡಿ ಹೇಳುವರು, ನಮ್ಮ ಅಂಗಡೀಲಿ ಇರೋವೆಲ್ಲಾ ರೋಗಿಗಳು ಸ್ವಾಮಿ, ಅವುಗಳ ಮಾತು ನಂಬಬೇಡಿ. ಒಂದು ಕಡೆ ಕೂರದೆ ಸುತ್ತುತ್ತಿದ್ದಳೆಂದು ಅವಳಿಗೆ ಸೆಕೆಂಡ್ ಮುಳ್ಳು ಎಂದು ಹೆಸರಿಟ್ಟವರೂ ಅವರೇ. ಅತ್ತೆ ಒಳಗಿನಿಂದ ಕೂಗುವರು, ರೀ, ಆ ಮಗು ಕಣ್ಣು ಹಾಳಾಗುತ್ತೆ, ಮಾಮನಿಗೆ ಕೇಳಿಸುವುದಿಲ್ಲ, ಏಳು ವರ್ಷದವಳ ಕಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿ, ಚಿಲ್ಲರೆ ಡಬ್ಬಿಯಿಂದ ಒಂದು ನಾಣ್ಯ ತೆಗೆದು ದೀಪದ ಕೆಳಗೆ ಹಿಡಿದು — ಹೆಬ್ಬೆರಳು ಒಂದು ಅಂಚಿಗೆ, ತೋರುಬೆರಳು ಇನ್ನೊಂದು ಅಂಚಿಗೆ, ಮೆಲ್ಲಗೆ, ಮೆಲ್ಲಗೆ, ಪೂರ್ತಿ ಒಂದು ಸುತ್ತು, ಹೊರಟಲ್ಲಿಗೆ ಬಂದು ನಿಲ್ಲುವ ತನಕ. ಒಂದೇ ಕಡೆಯಿಂದ ನೋಡಿ ಏನೂ ಹೇಳಬಾರ್ದು ಕಣೇ ಸೆಕೆಂಡ್ ಮುಳ್ಳು, ಸುತ್ತು ಮುಗಿಸಿ ಆಮೇಲೆ ಬಾಯಿ ಬಿಡು. ನಾಣ್ಯದ ಹುಚ್ಚು ಅವರಿಗೆ ಗಡಿಯಾರದಷ್ಟೇ, ಮನೆಗೆ ಬಂದ ಚಿಲ್ಲರೆಯನ್ನು ಅತ್ತೆ ಖರ್ಚು ಮಾಡುವ ಹಾಗಿಲ್ಲ, ಮೊದಲು ಅದು ದೀಪದ ಕೆಳಗೆ ಒಂದು ಸುತ್ತು ಸುತ್ತಿ ಬರಬೇಕು. ಅವಳಿಗೆ ಈ ಕಚೇರಿಯಲ್ಲಿ ಕೆಲಸ ಸಿಕ್ಕಿದ ವಾರ ಭಾನುವಾರದ ಅವರ ನಾಣ್ಯಗಳ ಕೂಟದಲ್ಲಿ ಎಲ್ಲರಿಗೂ ಕಾಫಿ ಕೊಡಿಸಿ, ನನ್ನ ಸೋದರಸೊಸೆ ಕಣ್ಣು ಅಂದ್ರೆ ಏನಂತ ತಿಳ್ಕೊಂಡಿದ್ದೀರಿ, ಎಂದು ಎದೆಯುಬ್ಬಿಸಿದ್ದರಂತೆ. ಅದನ್ನು ಅತ್ತೆ ಹೇಳಿದಾಗ ಅವಳೂ ಉಬ್ಬಿದ್ದಳು.

ಕೆಲಸಕ್ಕೆ ಸೇರಿ ಒಂಬತ್ತು ತಿಂಗಳು, ಕಾಯಂ ಆಗುವುದಕ್ಕೆ ಇನ್ನು ಮೂರು, ಆಗ ಬಂದದ್ದು ಮಾಮನ ಲಕೋಟೆ. ಅಂಚೆಯಲ್ಲಿ ಬಂದಿದ್ದರೆ ಚೆನ್ನಾಗಿತ್ತು, ಯಾರ ಮೇಜಿಗೋ ಹೋಗುತ್ತಿತ್ತು. ಮನೆಗೆ ಬಂದು ಕೈಗೇ ಕೊಟ್ಟರು, ಚಿಲ್ಲರೆ ಡಬ್ಬಿಯಲ್ಲಿ ಸಿಕ್ಕಿತು, ನಾನು ಏನೂ ಹೇಳಲ್ಲ, ನೀನೇ ನೋಡಿ ಹೇಳು, ಎಂದಾಗ ಅವರ ಮುಖ, ಪರೀಕ್ಷೆಯಲ್ಲಿ ಪಾಸಾದದ್ದು ಗೊತ್ತಿದ್ದೂ ಫಲಿತಾಂಶಕ್ಕೆ ಕಾಯುವ ಹುಡುಗರ ಮುಖ. ನಿಯಮವಿತ್ತು, ನೆಂಟರ ನಾಣ್ಯ ಬಂದರೆ ನೆಂಟರದ್ದು ಅಂತ ಬರೆದು ಬೇರೆಯವರಿಗೆ ಕೊಡಬೇಕು, ಒಂದು ಗೆರೆ ಬರೆದಿದ್ದರೆ ಸಾಕಿತ್ತು, ಬರೆಯಲಿಲ್ಲ, ಯಾಕೆ ಬರೆಯಲಿಲ್ಲ, ತಾನೇ ಹೇಳಬೇಕು ಎಂಬ ಆಸೆ, ಹೌದು ಮಾಮ ಎಂದು ಮೊದಲು ತನ್ನ ಬಾಯಿಂದಲೇ ಬರಲಿ ಎಂಬ ಆಸೆ, ಅದು ತಪ್ಪಲ್ಲ, ಅದೇನೂ ಅಂಥ ತಪ್ಪಲ್ಲ. ಆಮೇಲಿನದು. ಆಗಿನ ಮುಖ್ಯ ಪರೀಕ್ಷಕರಿಗೆ ಎಲ್ಲರೂ ಇಟ್ಟ ಹೆಸರು ನೆರಳು ಸರ್, ಹೆಜ್ಜೆಯ ಸದ್ದಿಲ್ಲ, ಮೇಜಿನ ಮೇಲೆ ನೆರಳು ಬಿದ್ದಾಗಲೇ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಗುವುದು. ಸೇರಿದ ವಾರವೇ ಹೇಳಿದ್ದರು, ನಿಮ್ಮ ಹಿಂದೆ ಈ ಕುರ್ಚೀಲಿ ಇದ್ದೋನು ಭಾವನ ನಾಣ್ಯಕ್ಕೆ ಕಣ್ಣು ಅರಳಿಸಿ ಹೌದು ಅಂತ ಬರೆದ, ಈಗ ಕೆಲಸ ಹೋಗಿ ಮನೇಲಿದ್ದಾನೆ. ನೆರಳು ಬಿತ್ತು. ಕಣ್ಣು ಸೂಕ್ಷ್ಮದರ್ಶಕದಲ್ಲಿ, ನೆರಳು ಹೇಗೆ ಕಂಡಿತು — ಕಂಡಿತು, ಮೈಯೆಲ್ಲಾ ಕಣ್ಣಾಗಿದ್ದ ದಿನಗಳವು. ಏನದು? ಎರಡು ಕಾಣುತ್ತೆ ಸರ್, ನೋಡ್ತಾ ಇದ್ದೀನಿ. ಲಕೋಟೆ ಎತ್ತಿ ವಿಳಾಸ ಓದಿದರು, ನಿಮ್ಮ ಊರೇ ಅಲ್ವಾ, ಗೊತ್ತಿರೋರಾ? ಕಾಗದ ಕೊಯ್ಯುವ ಯಂತ್ರ ಎಲ್ಲೋ ಓಡುತ್ತಿತ್ತು, ಮಧ್ಯಾಹ್ನದ ಊಟದ ಡಬ್ಬಿ ಯಾರೋ ತೆರೆದಿದ್ದರು. ಇಲ್ಲ ಸರ್, ಯಾರೋ ಗಡಿಯಾರದೋರು. ಅಷ್ಟೇ. ಯಾರೋ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು, ಕನಿಷ್ಠ ಒಂದು ಸಲ ತೊದಲಬಾರದೇ, ಒಂದು ಕೆಮ್ಮಾದರೂ ಬರಬಾರದೇ.

ಯಾರೋ ಎಂದ ಮೇಲೆ ಆ ಯಾರೋಗೆ ಹೌದು ಎಂದು ಬರೆದುಕೊಡುವುದು ಹೇಗೆ, ನಾಳೆ ಅಪರೂಪದ ಅಚ್ಚುಗಳ ಪಟ್ಟಿಗೆ ಹೋದೀತು, ಮಾಮ ಕುಣಿಯುತ್ತಾ ಕಚೇರಿಗೆ ಬಂದಾರು, ಎಲ್ಲರೆದುರು ನಮ್ಮ ಸೆಕೆಂಡ್ ಮುಳ್ಳು ಅಂದಾರು, ಅಲ್ಲಿಗೆ ಮುಗಿಯಿತು. ಬರೆದಳು, ಯಂತ್ರದ ಅದುರು, ವಿಶೇಷವೇನಿಲ್ಲ. ಅಂಚೆಯಲ್ಲಿ ಕಳಿಸಿದಳು. ಆ ಭಾನುವಾರ ಮನೆಗೆ ಹೋದಾಗ ಮಾಮ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದರು. ನೀನು ತಿರುಗಿಸಿ ನೋಡಿದ್ಯಾ? ನೋಡಿದೆ ಮಾಮ. ಪೂರ್ತಿ ಸುತ್ತು? ಪೂರ್ತಿ. ಸರಿ ಬಿಡು, ನೀನು ನೋಡಿದ ಮೇಲೆ ಮುಗೀತು, ಎಂದರು, ಅತ್ತೆಗೆ ಕಾಫಿ ಕೇಳಿದರು, ಆ ವಿಷಯ ಅಲ್ಲಿಗೇ ಬಿಟ್ಟರು, ಮತ್ತೆಂದೂ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಮಾತು ಜಗಳವಾಡಿದ್ದರೆ ತಾನೂ ಎದುರಾಡಿ, ಎದುರಾಡಿ ಬಾಯಿ ಬಿಟ್ಟುಬಿಡುತ್ತಿದ್ದೆನೇನೋ, ಇಲ್ಲ, ಬಿಡುತ್ತಿರಲಿಲ್ಲ, ಈಗ ಸುಮ್ಮನೆ ಹೇಳಿಕೊಳ್ಳುವುದು. ಮತ್ತೆ, ಒಂದೇ ನಾಣ್ಯವಿದ್ದರೆ ಪಟ್ಟಿಗೆ ಸೇರಿಸುತ್ತಲೂ ಇರಲಿಲ್ಲ, ಅದೇ ಅಚ್ಚಿನ ಇನ್ನೊಂದು ಸಿಕ್ಕುವ ತನಕ ಕಾಯುವ ಕಡತದಲ್ಲಿ ಇಡುತ್ತಿದ್ದರು, ಹಾಗೆಂದು ಎಷ್ಟು ಸಲ ಸಮಾಧಾನ ಮಾಡಿಕೊಂಡದ್ದು. ಇಟ್ಟಿದ್ದರೆ ಕಾಯುತ್ತಿತ್ತು. ಹತ್ತೊಂಬತ್ತು ವರ್ಷ ಕಾದು ಇವತ್ತು ಬೆಳಿಗ್ಗೆ ಹತ್ತೂವರೆಗೆ ತನ್ನ ಜೋಡಿಯನ್ನು ಕಾಣುತ್ತಿತ್ತು.

ಎದ್ದಳು. ಪರದೆ ಎಳೆಯಲಿಲ್ಲ, ಕಡತದ ಕೋಣೆಗೆ ಹೋದಳು, ಹಳೆಯ ವರ್ಷಗಳ ಕಪಾಟು ಕೆಳಗಿನ ಸಾಲಿನಲ್ಲಿ, ಮಂಡಿಯೂರಿ ಕೂತಾಗ ಮೂಳೆ ಲಟಕ್ಕೆಂದಿತು, ನಲವತ್ತೊಂಬತ್ತು ಆಯಿತಲ್ಲ, ಬೀಗ ತೆಗೆಯಲು ಜೇಬಿನಿಂದ ಕೀಲಿಗೊಂಚಲು ತೆಗೆದಳು — ಗೊಂಚಲು. ಅದರಲ್ಲೇ ಇದೆ. ಎಲ್ಲಾ ಬಿಟ್ಟು ಗೊಂಚಲಿನಲ್ಲೇ ಇದೆ, ಮನೆಯ ಬಾಗಿಲು, ಸ್ಕೂಟರು, ಈ ಕಪಾಟುಗಳು, ಮಧ್ಯೆ ಮಾಮನ ನಾಣ್ಯ, ದಿನಕ್ಕೆ ಹತ್ತು ಸಲ ಕೈಗೆ ತಾಕುವುದು, ಕೈಗೆ ತಾಕಿ ತಾಕಿ ಕಣ್ಣಿಗೆ ಕಾಣದಂತಾದದ್ದು. ಕಾಯಂ ಆದ ದಿನ ಮಾಮ ತಂದುಕೊಟ್ಟಿದ್ದರು, ತೂತು ಕೊರೆದು ಉಂಗುರ ಹಾಕಿ, ಏನೂ ವಿಶೇಷವಿಲ್ಲದ ನಾಣ್ಯ ಅಲ್ವಾ, ಕೀಲಿಗಾದರೂ ಆಗಲಿ. ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು, ಅದೂ ಒಂಚೂರು ಓರೆಯಾಗಿ. ಅವಳು ನಕ್ಕಿದ್ದಳು, ಮಾಮ, ಹಕ್ಕಿಯ ತಲೆಯ ಮೇಲಲ್ವಾ ತೂತು ಮಾಡೋದು, ಅಷ್ಟೂ ಗೊತ್ತಾಗಲ್ವಾ ನಿಮಗೆ? ಮಾಮ ಒಂದಿಷ್ಟೂ ತಡವರಿಸದೆ, ಆಸ್ಪತ್ರೆ ನರ್ಸಮ್ಮನ ಎದೆ ಮೇಲಿನ ಗಡಿಯಾರ ನೋಡಿದ್ದೀಯಾ, ತಲೆಕೆಳಗೇ ಇರುತ್ತೆ, ಎದುರಿಗಿದ್ದೋರಿಗೆ ಉಲ್ಟಾ, ಅವಳು ಎತ್ತಿ ನೋಡಿದ್ರೆ ನೇರ, ಇದೂ ಹಾಗೇ, ನೀನು ಕೈಯಲ್ಲೆತ್ತಿ ನೋಡ್ಕೊಳ್ಳೋಕೆ ಮಾಡಿದ್ದು. ಎಲ್ಲರೂ ನಕ್ಕರು. ಹತ್ತೊಂಬತ್ತು ವರ್ಷದಿಂದ ಆ ಜೋಕನ್ನು ಕಂಡವರಿಗೆಲ್ಲಾ ಹೇಳುತ್ತಾ ಬಂದಿದ್ದಾಳೆ, ನಮ್ಮ ಮಾಮ ಗಡಿಯಾರದವರು ನೋಡಿ, ಅದಕ್ಕೇ ಹೀಗೆ.

ಕಡತ ಸಿಕ್ಕಿತು, ತೆಳ್ಳಗಿನದು, ಒಂದು ಚಿತ್ರ, ಒಂದು ಚೀಟಿ, ಚೀಟಿಯಲ್ಲಿ ತನ್ನದೇ ಅಕ್ಷರ, ಆಗ ಎಷ್ಟು ದುಂಡಗೆ ಬರೆಯುತ್ತಿದ್ದೆ. ಮೇಜಿಗೆ ತಂದು ಚಿತ್ರವನ್ನು ಕಂಡಕ್ಟರನ ನಾಣ್ಯದ ಪಕ್ಕದಲ್ಲಿಟ್ಟಳು. ಅಚ್ಚಿನ ಮೇಲೆ ಗೀರು ಬಿದ್ದಿದ್ದರೆ ನಾಣ್ಯದಲ್ಲಿ ಅದು ಉಬ್ಬಿದ ಎಳೆಯಾಗಿ ಬರುತ್ತದೆ, ಒಂದೇ ಅಚ್ಚಿನ ಮಕ್ಕಳಿಗೆಲ್ಲಾ ಅದೇ ಎಳೆ, ಹಕ್ಕಿಯ ಎಡ ರೆಕ್ಕೆಯ ಕೆಳಗೆ, ಮೂರನೇ ಗರಿಯಿಂದ ಹೊರಟು ಅಂಚಿನ ಕಡೆಗೆ, ಇಲ್ಲೂ ಇದೆ, ಅಲ್ಲೂ ಇದೆ, ಎರಡೂ ಒಂದೇ ಹೊಟ್ಟೆಯವು. ಚಿತ್ರದಲ್ಲಿ ನಾಲ್ಕರ ಪಾದ ಮಾತ್ರ ಕಲಸಿಹೋಗಿದೆ, ಸೀಳೋ ಸವೆತವೋ ತಿಳಿಯದ ಹಾಗೆ ಬೆಳ್ಳಗೆ. ಯಾಕೆಂದರೆ ಉಂಗುರದ ದೀಪ. ಸುತ್ತಲಿಂದ ಒಂದೇ ಸಮ ಬೀಳುವ ಬೆಳಕು, ನೆರಳೇ ಇಲ್ಲದ್ದು, ಎತ್ತರ ತಗ್ಗು ಎಲ್ಲಾ ನುಂಗಿಬಿಡುವುದು, ಇಂಥ ಚಿತ್ರಕ್ಕೆ ಅದನ್ನು ಯಾರೂ ಹಚ್ಚುವುದಿಲ್ಲ, ಪಕ್ಕದ ಒಂಟಿ ದೀಪ ಹಚ್ಚುತ್ತಾರೆ. ಹಚ್ಚಿದ್ದು ಯಾರು? ಆ ದಿನ ಕೈ ಒಂಟಿ ದೀಪದ ಗುಂಡಿಗೆ ಹೋಗಿ, ನಿಂತು, ಆಮೇಲೆ ಉಂಗುರದ ದೀಪದ ಗುಂಡಿಗೆ ಹೋಯಿತಲ್ಲ, ಆ ಕೈ ಯಾರದು. ಕಣ್ತಪ್ಪಂತೆ. ಕಣ್ಣಿಗೆ ಕಂಡಿತ್ತು, ಕಂಡದ್ದು ಚಿತ್ರದಲ್ಲಿ ಕಾಣಬಾರದು ಎಂದು ದೀಪ ಬದಲಿಸುವಷ್ಟು ಚೆನ್ನಾಗಿ ಕಂಡಿತ್ತು. ಅವಳು ಬಾಟಲಿಯಿಂದ ಎರಡು ಗುಟುಕು ನೀರು ಕುಡಿದಳು, ಗೊಂಚಲಿನಿಂದ ಮಾಮನ ನಾಣ್ಯ ಬಿಡಿಸಿದಳು, ಉಗುರು ಮುರಿಯಿತು, ಇರಲಿ, ಸವೆದಿದ್ದರೂ ಪಾದದ ಗುರುತು ಒಂದಿಷ್ಟಾದರೂ ಉಳಿದಿರುತ್ತದೆ, ಈಗಾದರೂ ಒಂಟಿ ದೀಪದಲ್ಲಿ ಒಂದು ಒಳ್ಳೆಯ ಚಿತ್ರ ತೆಗೆಯೋಣ. ಕೆಳಗಿಟ್ಟು ಕಣ್ಣಿಟ್ಟಳು. ಮೊದಲ ಅಂಕಿ, ಎರಡನೆಯದು, ಮೂರನೆಯದು, ಅಲ್ಲೆಲ್ಲಾ ಜೋಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಇರುವುದೆಲ್ಲಾ ನಾಲ್ಕರಲ್ಲಿ. ನಾಲ್ಕು ಎಲ್ಲಿ? ನಾಲ್ಕು ಇಲ್ಲ. ನಾಲ್ಕರ ಮೇಲಿನ ಮೂಲೆ ಒಂಚೂರು, ಅದರ ಕೆಳಗೆ ಕಾಲು ಇರಬೇಕಾದಲ್ಲಿ, ಪಾದ ಇರಬೇಕಾದಲ್ಲಿ, ದುಂಡಗಿನ ತೂತು.

ಸುಮ್ಮನೆ ಕೊರೆದದ್ದಲ್ಲ. ಮಾಮನ ಕೈ, ಗಡಿಯಾರದ ಗಾಲಿಯಲ್ಲಿ ಕೂದಲಿನ ಸೀಳಿನಷ್ಟು ತೂತು ಕೊರೆಯುವ ಕೈ, ಅದು ಜಾರಿ ನಾಲ್ಕರ ಮೇಲೆ ಬೀಳುವುದಿಲ್ಲ, ಬೀಳಲೇಬೇಕೆಂದರೆ ಮಾತ್ರ ಬೀಳುತ್ತದೆ. ಅತ್ತೆ ಒಂದು ಸಲ ಹೇಳಿದ್ದು ಈಗ ಎಲ್ಲಿಂದ ಬಂತು, ಅತ್ತೆ ಹೋಗಿಯೇ ಆರು ವರ್ಷ, ಆ ಹಲ್ಲಿನ ಡಾಕ್ಟ್ರು ಇದ್ದಾರಲ್ಲ ಕಣೇ, ನಿಮ್ಮ ಮಾಮನ ಕೂಟದೋರು, ದಿನಾ ಬಂದು ತಲೆ ತಿನ್ನೋರು, ಇದನ್ನ ಇನ್ನೊಂದು ಕಚೇರಿಗೆ ಕಳಿಸಿ, ಆ ಹುಡುಗಿ ಸರಿಯಾಗಿ ನೋಡಿಲ್ಲ, ನಾನೇ ಕಳಿಸ್ತೀನಿ ಕೊಡಿ ಅಂತ, ನಿಮ್ಮ ಮಾಮ ಒಂದಿನ ಮಧ್ಯಾಹ್ನ ಊಟಾನೂ ಬಿಟ್ಟು ಕೂತು ಅದಕ್ಕೊಂದು ತೂತು ಕೊರೆದ್ರು ನೋಡು, ಡಾಕ್ಟ್ರ ಬಾಯಿ ಮುಚ್ಚಿತು. ಆಗ ತಾನೂ ನಕ್ಕಿದ್ದೆ. ಇನ್ನೊಂದು ಕಚೇರಿಗೆ ಹೋಗಿದ್ದರೆ ಒಂದೇ ಸುತ್ತಿಗೆ ಗೊತ್ತಾಗುತ್ತಿತ್ತು, ಇಲ್ಲಿಗೊಂದು ಕಾಗದ ಬರುತ್ತಿತ್ತು, ನಿಮ್ಮವರು ಜೋಡಿ ಅಚ್ಚನ್ನು ಅದುರು ಎಂದಿದ್ದಾರೆ, ಕಳಿಸಿದವರು ಅವಳ ಸೋದರಮಾವ, ಅವಳು ಅದನ್ನೂ ಮುಚ್ಚಿದ್ದಾಳೆ. ಕಾಯಂ ಆಗುವ ಮೊದಲೇ ಗೇಟಿನ ಹೊರಗೆ. ಮಾಮನಿಗೆ ಗೊತ್ತಿತ್ತು. ಅವರ ಕಣ್ಣಿಗೆ ಗೊತ್ತಿಲ್ಲದೆ ಇರುವುದುಂಟೇ, ಡಬ್ಬಿಯಿಂದ ತೆಗೆದ ದಿನವೇ ಗೊತ್ತಿತ್ತು, ತಾನು ಪೂರ್ತಿ ಸುತ್ತು ಎಂದಾಗ ಸುಳ್ಳು ಎಂದೂ ಗೊತ್ತಿತ್ತು, ಜೀವಮಾನದಲ್ಲಿ ಒಂದೇ ಒಂದು ಸಲ ಕೈಗೆ ಸಿಕ್ಕ ಜೋಡಿಯನ್ನು ಕೊರೆಯುವಾಗ ಆ ಬೆರಳುಗಳು ಏನೆಂದುಕೊಂಡವೋ, ಹಿತ್ತಾಳೆಯ ಪುಡಿಯನ್ನು ಊದಿ, ಒರೆಸಿ, ಉಂಗುರ ಹಾಕಿ, ಜೋಕನ್ನೂ ಸಿದ್ಧ ಮಾಡಿಟ್ಟುಕೊಂಡು ಬಂದಿದ್ದರು. ತನಗೆ ಅಳು ಬರಲಿಲ್ಲ, ಅಳು ಬಂದಿದ್ದರೆ ಕಣ್ಣಾದರೂ ಮಂಜಾಗುತ್ತಿತ್ತು, ತೂತು ಇಷ್ಟು ಸ್ಪಷ್ಟ ಕಾಣುತ್ತಿರಲಿಲ್ಲ.

ಗಂಟೆ ಮೂರೂವರೆ. ಇವತ್ತು ಗುರುವಾರ, ನಾಲ್ಕಕ್ಕೆ ಮಾಮ ಬರುತ್ತಾರೆ, ಹಜಾರದ ಹಳೆಯ ಗೋಡೆ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುವುದು ನೆರಳು ಸರ್ ಹೋದ ಮೇಲೆ ಅವರೇ ಹಿಡಿದ ಕೆಲಸ, ಎಂಬತ್ತೊಂದು ವರ್ಷ, ಅಂಗಡಿ ಮುಚ್ಚಿ ಎಷ್ಟು ಕಾಲವಾಯಿತು, ಇದೊಂದನ್ನು ಬಿಟ್ಟಿಲ್ಲ, ಅದಕ್ಕೆ ನನ್ನ ಕೈ ಗುರುತು ಕಣಯ್ಯಾ ಎಂದು ಕಾವಲುಗಾರನ ಹತ್ತಿರ ಸ್ಟೂಲು ಹಿಡಿಸಿಕೊಂಡು ಹತ್ತುತ್ತಾರೆ. ಅವಳು ನಮೂನೆ ಎಳೆದುಕೊಂಡಳು. ಜೋಡಿ ಅಚ್ಚು, ಹೌದು. ಅದೇ ಅಚ್ಚಿನ ಎರಡನೇ ನಾಣ್ಯ, ಹೌದು, ಹಳೆಯ ಕಡತದ ಸಂಖ್ಯೆ ಇಂತಿಷ್ಟು. ಮೊದಲು ಕಂಡವರು — ಇಲ್ಲಿ ಕಂಡಕ್ಟರನ ಹೆಸರು ಬರೆದುಬಿಟ್ಟರೆ ಯಾರೂ ಕೇಳುವುದಿಲ್ಲ, ಯಾರಿಗೂ ನೆನಪಿಲ್ಲ, ನೆರಳು ಸರ್ ಕೂಡ ಈಗಿಲ್ಲ, ಅವರ ಕುರ್ಚಿಯಲ್ಲಿ ತಾನೇ ಕೂತಿರುವುದು. ಮಾಮನಿಗೂ ಅದೇ ಬೇಕಿತ್ತೇನೋ, ಅದಕ್ಕೇ ಅಲ್ಲವೇ ಕೊರೆದದ್ದು, ಅವರು ಕಷ್ಟಪಟ್ಟು ಮುಚ್ಚಿದ್ದನ್ನು ತಾನು ಬಿಚ್ಚುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯವಲ್ಲವೇ — ಆಹಾ, ಎಷ್ಟು ಚೆನ್ನಾಗಿ ತೇಲುತ್ತದೆ ಈ ಮನಸ್ಸು, ತನಗೆ ಬೇಕಾದ ದಡಕ್ಕೆ ತಾನೇ ಹೋಗಿ ಸೇರುತ್ತದೆ. ಮಾಮನ ಹೆಸರು ಬರೆದಳು, ಪೂರ್ತಿ ಹೆಸರು, ಮುಂದೆ ಕಂಸದಲ್ಲಿ, ಪರೀಕ್ಷಕಿಯ ಸೋದರಮಾವ. ಕೊನೆಯ ಸಾಲು, ಹಿಂದಿನ ತೀರ್ಮಾನ ತಪ್ಪಲು ಕಾರಣ. ಬೆಳಕಿನ ದೋಷ ಎಂದು ಬರೆದಳು. ಬರೆದು ನೋಡಿದಳು. ಸುಳ್ಳಲ್ಲ, ಚಿತ್ರ ಸಾಕ್ಷಿಯಿದೆ, ಉಂಗುರದ ದೀಪ, ಬೆಳಕಿನದೇ ದೋಷ, ಯಾರು ಬೇಕಾದರೂ ಒಪ್ಪುತ್ತಾರೆ, ದೀಪ ತಾನಾಗಿ ಹಚ್ಚಿಕೊಂಡಿತೇ ಎಂದು ಯಾರೂ ಕೇಳುವುದಿಲ್ಲ. ಹೊಸ ಪರೀಕ್ಷಕಿಯ ಎರಡನೇ ಸಹಿ ಬಿದ್ದರೆ ಮುಗಿಯಿತು, ಅವಳನ್ನು ಕೂಗಲು ಬಾಗಿಲ ಕಡೆ ತಿರುಗಿದಳು.

ಅವಳೇ ಬಂದಳು, ನಗುತ್ತಾ, ಹಿಂದೆಯೇ ಮಾಮ, ಕಾಲರಿನ ಗುಂಡಿಯವರೆಗೂ ಹಾಕಿದ ಅಂಗಿ, ಕೈಯಲ್ಲಿ ಗಡಿಯಾರದ ದೊಡ್ಡ ಕೀಲಿ. ಮೇಡಂ, ನಿಮ್ಮ ಮಾಮ ಬಂದ್ರು, ನಾನೇ ಕರ್ಕೊಂಡು ಬಂದೆ, ಬೆಳಿಗ್ಗೇದನ್ನ ಇವರಿಗೂ ತೋರಿಸೋಣ ಮೇಡಂ, ನಿಮಗೆ ಕಲಿಸಿದೋರೇ ಇವರಂತಲ್ಲ! ಮಾಮ ಕೈಯಾಡಿಸಿದರು, ಏಯ್, ನನ್ನ ಕಣ್ಣು ಈಗ ಗೋಡೆ ಗಡಿಯಾರಕ್ಕೆ ಸಾಕು ಕಣಮ್ಮ, ಆದರೂ ಕಾಲು ಆಗಲೇ ಮೇಜಿನ ಕಡೆಗೆ ಬರುತ್ತಿದ್ದವು, ನಾಣ್ಯ ಎಂದರೆ ಹಾಗೇ. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಕಂಡಕ್ಟರನ ನಾಣ್ಯವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಮೇಜಿನ ಮೇಲೆ ಹಳೆಯ ಕಡತ ತೆರೆದೇ ಇದೆ, ಅದರ ಪಕ್ಕ ಉಂಗುರ ಬಿಚ್ಚಿದ ಮಾಮನ ನಾಣ್ಯ, ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಮಾಮ ಕೂರುವಾಗ ಅದನ್ನು ನೋಡಿದರು. ನೋಡಿದ್ದು ಒಂದು ಕ್ಷಣ, ಅಷ್ಟೇ, ಆಮೇಲೆ ಕನ್ನಡಕ ಹಣೆಗೇರಿಸಿ ಬಗ್ಗಿದರು, ಹೆಬ್ಬೆರಳು ಒಂದು ಅಂಚಿಗೆ, ತೋರುಬೆರಳು ಇನ್ನೊಂದು ಅಂಚಿಗೆ ಬಂದು ಕೂತವು, ಚರ್ಮ ಸುಕ್ಕಾಗಿದೆ, ಉಗುರು ಮಾತ್ರ ಮೊದಲಿನಂತೆಯೇ ಮಟ್ಟಸ, ಈಗ ತಿರುಗಿಸುತ್ತಾರೆ, ಈಗ. ಅದುರು ಕಣಮ್ಮ ಇದು, ಎಂದರು ಮಾಮ, ಯಂತ್ರ ಸಡಿಲ ಇದ್ರೆ ಹೀಗಾಗುತ್ತೆ, ಏನೂ ವಿಶೇಷ ಇಲ್ಲ. ಹೊಸ ಪರೀಕ್ಷಕಿ ಕಣ್ಣರಳಿಸಿದಳು, ಅಯ್ಯೋ ಇಲ್ಲ ತಾತ, ನಾಲ್ಕರ ಪಾದ ನೋಡಿ, ಸೀಳು ಎಷ್ಟು ಚೆನ್ನಾಗಿ — ಇಲ್ಲಮ್ಮ, ಅದುರೇ, ನನಗೆ ಹಾಗೇ ಕಾಣುತ್ತೆ, ನಿಮ್ಮ ಮೇಡಂ ಯಾವತ್ತೋ ಇಂಥದ್ದನ್ನ ನೋಡಿ ಹೇಳಿದ್ದಾಳೆ, ಅವಳ ಕಣ್ಣು ತಪ್ಪಲ್ಲ. ಆದರೆ ಬೆರಳು ತಿರುಗಿಸಿಲ್ಲ. ಎಪ್ಪತ್ತು ವರ್ಷ ಯಾವ ನಾಣ್ಯವನ್ನೂ ಸುತ್ತು ಮುಗಿಸದೆ ಕೆಳಗಿಡದ ಬೆರಳು. ತಿರುಗಿಸಿ ಮಾಮ, ಎಂದಳು ಅವಳು, ದನಿ ತನ್ನದಲ್ಲದ ಹಾಗೆ ಬಂತು. ಬೇಡ ಬಿಡು ಸೆಕೆಂಡ್ ಮುಳ್ಳು. ಒಂದ್ಸಲ ತಿರುಗಿಸಿ. ಬಿಡು ಅಂದ್ನಲ್ಲ. ಅವಳು ನಿಂತೇ ನಮೂನೆಯನ್ನು ಎಳೆದುಕೊಂಡು, ಬೆಳಕಿನ ದೋಷ ಎಂಬುದನ್ನು ಅಡ್ಡಡ್ಡ ಹೊಡೆದು, ಬರೆಯುತ್ತಾ ಬರೆಯುತ್ತಾ ಗಟ್ಟಿಯಾಗಿ ಓದಿದಳು, ಸೀಳು ಪರೀಕ್ಷಕಿಗೆ ಕಂಡಿತ್ತು, ಕಂಡೂ ಅದುರು ಎಂದು ಸುಳ್ಳು ಬರೆದಳು, ತಂದವರು ತನ್ನ ಮಾಮ ಎಂಬುದನ್ನೂ ಮುಚ್ಚಿದಳು, ಮತ್ತು ಅದರ ಕೆಳಗೆ ಸಹಿ ಮಾಡಿದಳು. ಹೊಸ ಪರೀಕ್ಷಕಿ ಒಮ್ಮೆ ಅವಳ ಮುಖ, ಒಮ್ಮೆ ಕಾಗದ ನೋಡಿದಳು. ಮಾಮ ತಲೆಯೆತ್ತಲಿಲ್ಲ. ಬಗ್ಗಿದವರು ಬಗ್ಗಿಯೇ ಇದ್ದರು, ತಲೆಯೆತ್ತಿದರೆ ಕೇಳಿಸಿಕೊಂಡ ಹಾಗಾಗುತ್ತದೆ ಎಂದೇ, ಬೆನ್ನು ಉಸಿರಿಗೆ ಏರಿಳಿಯುತ್ತಿದೆ, ಇನ್ನೂ ತನ್ನನ್ನು ಕಾಪಾಡುತ್ತಿದ್ದಾರೆ, ಬರೆದಾಯಿತು ಮಾಮ, ಎಲ್ಲಾ ಬರೆದಾಯಿತು, ಇನ್ನಾದರೂ ನೋಡಿ, ನಿಮ್ಮದೇ ಅದು, ಮನಸಾರೆ ನೋಡಿ, ದೀಪದ ಕೆಳಗೆ ಎರಡು ಬೆರಳು, ನಾಣ್ಯದ ಆ ಕಡೆ ಒಂದು, ಈ ಕಡೆ ಒಂದು, ತಿರುಗಿಸುತ್ತಿಲ್ಲ, ಎರಡು ಬೆರಳು, ತಿರುಗಿಸುತ್ತಿಲ್ಲ